ಧಾರಣೆ ಕಾಲಂನಲ್ಲಿ ಚೀಲಗಳ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಸೋಮವಾರ ಮತ್ತು ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ಮುಗಿದ ಅರ್ಧ ತಾಸಿನೊಳಗೆ ಒಂದು ಅಂಕಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಅದು ಆ ದಿನದ ಗರಿಷ್ಠ ದರ. ಮರುದಿನ ಪತ್ರಿಕೆಗಳ ಧಾರಣೆ (ಮಾರುಕಟ್ಟೆ ದರ) ಕಾಲಂನಲ್ಲೂ ಅದೇ ಅಂಕಿ ದಪ್ಪ ಅಕ್ಷರದಲ್ಲಿ ಬರುತ್ತದೆ. ಆ ದರ ಯಾವ ತಳಿಗೆ ಸಿಕ್ಕಿತು, ಕಾಯಿ ಎಷ್ಟು ಒಣಗಿತ್ತು, ಎಷ್ಟು ಚೀಲಕ್ಕೆ ಸಿಕ್ಕಿತು ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ. ಎಷ್ಟೋ ಸಲ ಆ ದರ ಬಂದಿರುವುದು ಚೆನ್ನಾಗಿ ಆರಿಸಿ, ತೊಟ್ಟು ನೋಡಿ ತುಂಬಿದ ನಾಲ್ಕಾರು ಚೀಲ ಡಬ್ಬಿ ತಳಿಯ ಕಾಯಿಗೆ. ಅದನ್ನು ಓದಿದ ಬಳ್ಳಾರಿ, ರಾಯಚೂರು, ಗದಗ ಜಿಲ್ಲೆಗಳ ರೈತರು, ಗಡಿಯಾಚೆಯ ಆಂಧ್ರದ ರೈತರು, ಕಣದಲ್ಲಿ ಇನ್ನೂ ಎರಡು ದಿನ ಬಿಸಿಲು ಕಾಣಬೇಕಿದ್ದ ಕಾಯಿಯನ್ನು ಚೀಲಕ್ಕೆ ತುಂಬಿ ಲಾರಿ ಹತ್ತಿಸುತ್ತಾರೆ. ಮುಂದಿನ ಮಾರುಕಟ್ಟೆ ದಿನ ಆವಕ (ಬರುವ ಮಾಲು) ಉಕ್ಕುತ್ತದೆ, ದರ ಕುಸಿಯುತ್ತದೆ.

2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ದರ ಏಕಾಏಕಿ ಬಿದ್ದಿದೆ ಎಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆಮೇಲಿನ ಚರ್ಚೆಯೆಲ್ಲ ಪೊಲೀಸ್ ಬಂದೋಬಸ್ತು, ದಲಾಲರ ಕೈವಾಡ, ಆಂಧ್ರದ ಕಾಯಿ ಇವುಗಳ ಸುತ್ತಲೇ ಸುತ್ತಿತು. ದರ ಗೊತ್ತುಮಾಡುವ ಇ-ಟೆಂಡರ್ ಹೇಗೆ ಕೆಲಸ ಮಾಡುತ್ತದೆ, ಎಲ್ಲೆಲ್ಲಿ ಎಡವುತ್ತದೆ ಎಂದು ಬಿಡಿಸಿ ಹೇಳಿದವರು ಕಡಿಮೆ. ಡಿಜಿಟಲ್ ವ್ಯವಸ್ಥೆಯಿಂದ ಊರು ಬೆಳೆಯುತ್ತದೋ ಸೊರಗುತ್ತದೋ ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಹತ್ತು ವರ್ಷಕ್ಕೂ ಹೆಚ್ಚಿನ ಅನುಭವ ಇದೆ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೆ ಕ್ಷಮೆ ಇರಲಿ.

ಮೊದಲು ಆದ ಒಳ್ಳೆಯದನ್ನು ಹೇಳಬೇಕು. ಚೀಟಿ ಬರೆದು ಪೆಟ್ಟಿಗೆಗೆ ಹಾಕುವ ಕಾಲದಲ್ಲಿ ಯಾವ ಲಾಟಿಗೆ (ಒಟ್ಟಿಗೆ ಮಾರುವ ಚೀಲಗಳ ಗುಂಪಿಗೆ) ಯಾರು ಎಷ್ಟು ಬರೆದರು ಎಂದು ಹೊಂದಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಚೀಟಿ ತಿದ್ದಿದರು, ಮುಚ್ಚಿಟ್ಟರು ಎಂಬ ಗುಮಾನಿ ಬೇರೆ. 2014ರಲ್ಲಿ ಕರ್ನಾಟಕ ಸರ್ಕಾರ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಎಂಬ ಸರಕು ವಹಿವಾಟಿನ ಕಂಪನಿಯ ಜೊತೆ ಸೇರಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಕಂಪನಿ ಕಟ್ಟಿತು. ರಾಜ್ಯದ ಎಪಿಎಂಸಿಗಳು ಒಂದೊಂದಾಗಿ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಗೆ ಬಂದವು. ಕೇಂದ್ರದ ಇ-ನ್ಯಾಮ್ ಎಂಬ ರಾಷ್ಟ್ರೀಯ ಆನ್‌ಲೈನ್ ಕೃಷಿ ಮಾರುಕಟ್ಟೆ ಶುರುವಾಗಿದ್ದು ಅದಾದ ಎರಡು ವರ್ಷಕ್ಕೆ, 2016ರ ಏಪ್ರಿಲ್ 14ರಂದು. ಅಂದರೆ ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ್ದು ನಾವೇ.

ಫಲ ಏನು? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮದೇ ಮಾರುಕಟ್ಟೆಗಳ ಅಂಕಿಅಂಶ ಹಿಡಿದು ಲೆಕ್ಕ ಹಾಕಿದ್ದಾರೆ. ಭತ್ತ, ಶೇಂಗಾ, ಮೆಕ್ಕೆಜೋಳದಂಥ ಕೆಲವು ಬೆಳೆಗಳ ಮಾದರಿ ದರ (ಹೆಚ್ಚಿನ ಮಾಲು ಮಾರಾಟವಾದ ದರ) ಶೇ 2.6ರಿಂದ ಶೇ 6.5ರಷ್ಟು ಏರಿದೆ. ಉಳಿದ ಕೆಲವು ಬೆಳೆಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಅದೇ ತಂತ್ರಾಂಶ, ಅದೇ ಕಾಯ್ದೆ, ಅದೇ ಪ್ರಾಂಗಣ. ಒಂದು ಬೆಳೆಗೆ ಸಿಕ್ಕ ಲಾಭ ಇನ್ನೊಂದಕ್ಕೆ ಏಕೆ ಸಿಗಲಿಲ್ಲ?

ಉತ್ತರದ ಒಂದು ತುದಿ ಕೇರಳದ ಕಡಲ ತೀರದಲ್ಲಿದೆ. 1997ರಿಂದ 2001ರ ನಡುವೆ ಕೋಯಿಕ್ಕೋಡ್, ಕಣ್ಣೂರು, ಕಾಸರಗೋಡು ತೀರಕ್ಕೆ ಮೊಬೈಲ್ ಗೋಪುರಗಳು ಬಂದವು. ಅದಕ್ಕೂ ಮೊದಲು ಒಂದು ದಂಡೆಯಲ್ಲಿ ಬೂತಾಯಿ ಮೀನನ್ನು ಕೊಳ್ಳುವವರಿಲ್ಲದೆ ಸಮುದ್ರಕ್ಕೇ ಸುರಿಯುತ್ತಿದ್ದರೆ, ಹತ್ತು-ಹದಿನೈದು ಕಿಲೋಮೀಟರ್ ಆಚೆ ಮೀನಿಲ್ಲದೆ ಗಿರಾಕಿಗಳು ಕಾಯುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯಿಂದಲೇ ಕೇಳಿ ದಂಡೆ ಆರಿಸುವಂತಾಯಿತು. ಮೀನು ಹಾಳಾಗುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇ 8 ಏರಿತು, ಕೊಳ್ಳುವವರಿಗೆ ಬೆಲೆ ಶೇ 4 ಇಳಿಯಿತು. ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಈ ಅಧ್ಯಯನವನ್ನು ಡಿಜಿಟಲ್ ಪರ ಭಾಷಣ ಮಾಡುವವರೆಲ್ಲ ಉದ್ಧರಿಸುತ್ತಾರೆ.

ಅವರು ಉದ್ಧರಿಸದ ಇನ್ನೊಂದು ಅಧ್ಯಯನ ಮಹಾರಾಷ್ಟ್ರದ್ದು. ನೂರು ಹಳ್ಳಿಗಳಲ್ಲಿ ಆಯ್ದ ರೈತರ ಮೊಬೈಲಿಗೆ ಒಂದು ವರ್ಷ ಪುಕ್ಕಟೆಯಾಗಿ ಮಾರುಕಟ್ಟೆ ದರ, ಹವಾಮಾನ, ಬೆಳೆ ಸಲಹೆ ಕಳಿಸಿದರು. ಸಂದೇಶ ಪಡೆದವರಿಗೆ ಸಿಕ್ಕ ಬೆಲೆಗೂ ಪಡೆಯದವರ ಬೆಲೆಗೂ ಎಣಿಸುವಂಥ ವ್ಯತ್ಯಾಸ ಬರಲಿಲ್ಲ. ಬೂತಾಯಿಯ ದೋಣಿ ತಿರುಗಿಸಿದರೆ ತಿರುಗುತ್ತದೆ. ಮೀನು ಎಲ್ಲ ದಂಡೆಯಲ್ಲೂ ಒಂದೇ, ನೋಡಿದರೆ ತಾಜಾತನ ಗೊತ್ತಾಗುತ್ತದೆ. ಮೆಣಸಿನಕಾಯಿ, ತೊಗರಿ, ಹತ್ತಿ ಹಾಗಲ್ಲ. ಲಾಟಿನಿಂದ ಲಾಟಿಗೆ ಗುಣಮಟ್ಟ ಬೇರೆ. ಲಾರಿ ಬಾಡಿಗೆ ಕೊಟ್ಟು ತಂದದ್ದನ್ನು ಹಿಂದಕ್ಕೆ ಒಯ್ಯುವುದು ಕಷ್ಟ. ಬಿತ್ತನೆಗೆ ಮುಂಗಡ ಕೊಟ್ಟ ದಲಾಲಿ ಅಂಗಡಿಗೇ ಮಾಲು ಇಳಿಸಬೇಕು. ಇಲ್ಲಿ ದರ ತಿಳಿಯುವುದು ಅರ್ಧ ಕೆಲಸ. ಮಾಲಿನ ಗುಣ ಅಳೆಯುವುದು ಉಳಿದರ್ಧ. ಆ ಉಳಿದರ್ಧವನ್ನು ನಾವು ಮಾಡಿಲ್ಲ.

ಮಧ್ಯಪ್ರದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇಟ್ಟು ದರ ತಿಳಿಸಲು ಐಟಿಸಿ ಕಂಪನಿ 2000ದಲ್ಲಿ ಶುರುಮಾಡಿದ ಇ-ಚೌಪಾಲ್‌ನಿಂದ ಸೋಯಾಬೀನ್ ದರ ಶೇ 1ರಿಂದ 3 ಏರಿತು ಎಂಬ ಲೆಕ್ಕವಿದೆ. ಅಲ್ಲಿ ಹಳ್ಳಿಯ ಕಂಪ್ಯೂಟರಿನ ಜೊತೆಗೆ ಮಾಲು ಪರೀಕ್ಷಿಸಿ ತೂಗಿ ಕೊಳ್ಳುವ ಕೇಂದ್ರವೂ ಇತ್ತು ಎಂಬುದನ್ನು ಮರೆಯಬಾರದು.

ತೇವಾಂಶದ ವಿಷಯ ತೆಗೆದುಕೊಳ್ಳಿ. ಆಹಾರ ಸುರಕ್ಷತಾ ಮಾನದಂಡದ ಪ್ರಕಾರ ಇಡೀ ಒಣಮೆಣಸಿನಕಾಯಿಯಲ್ಲಿ ತೇವಾಂಶ ಶೇ 11 ಮೀರಬಾರದು. ಈಗ ಶೇ 18 ತೇವಾಂಶದ ಒಂದು ಕ್ವಿಂಟಲ್ ಕಾಯಿ ಬಂತು ಎನ್ನಿ. ಅದರಲ್ಲಿ ಒಣ ಪದಾರ್ಥ ಇರುವುದು 82 ಕಿಲೋ. ಶೇ 11ಕ್ಕೆ ಒಣಗಿಸಿದರೆ ಉಳಿಯುವ ತೂಕ 92 ಕಿಲೋ ಚಿಲ್ಲರೆ. ಚೆನ್ನಾಗಿ ಒಣಗಿದ ಕಾಯಿಗೆ ಕ್ವಿಂಟಲಿಗೆ 20,000 ರೂಪಾಯಿ ಇದ್ದರೆ, ಹಸಿ ಇರುವ ಈ ಕಾಯಿಗೆ ನ್ಯಾಯವಾದ ದರ ಸುಮಾರು 18,430. ಆದರೆ ಅಳೆಯುವ ವ್ಯವಸ್ಥೆ ಇಲ್ಲದ ಕಡೆ ಖರೀದಿದಾರ ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ, ಬೀಜದ ಸದ್ದು ಕೇಳಿ, ಅಂದಾಜಿನ ಮೇಲೆ ಎರಡಕ್ಕೂ 19,200ರ ಆಸುಪಾಸು ಬರೆಯುತ್ತಾನೆ. ಒಣಗಿಸದೆ ತಂದ ರೈತನಿಗೆ ಪೂರಾ ಕ್ವಿಂಟಲಿಗೆ 19,200 ಸಿಕ್ಕಿತು. ಅದೇ ಕಾಯಿಯನ್ನು ಇನ್ನೂ ಮೂರು ದಿನ ಕಣದಲ್ಲಿ ಹರಡಿ, ರಾತ್ರಿ ಇಬ್ಬನಿಗೆ ತಾಡಪಾಲು ಹೊದಿಸಿ, ಒಣಗಿಸಿ ತಂದವನಿಗೆ 92 ಕಿಲೋಗೆ ಸಿಕ್ಕಿದ್ದು ಸುಮಾರು 17,690. ಶ್ರಮಪಟ್ಟವನಿಗೆ ಒಂದೂವರೆ ಸಾವಿರ ದಂಡ! ಮುಂದಿನ ಸಲ ಅವನೂ ಹಸಿ ಕಾಯಿಯನ್ನೇ ತರುತ್ತಾನೆ. ಎಲ್ಲರೂ ಹಸಿ ತರುತ್ತಾರೆಂದು ಗೊತ್ತಿರುವ ಖರೀದಿದಾರ, ಬೂಷ್ಟು ಹಿಡಿಯುವ ಭಯವನ್ನೂ ಸೇರಿಸಿ, ಇನ್ನೂ ಕೆಳಗೆ ಬರೆಯುತ್ತಾನೆ. ಹಸಿ ಕಾಯಿ ತಂದರೆಂದು ರೈತರನ್ನು ಬೈಯುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ತೇವಾಂಶ ಮಾಪಕ ದುಬಾರಿ ಯಂತ್ರವಲ್ಲ, ಕೆಲವೇ ನಿಮಿಷದಲ್ಲಿ ಅಂಕಿ ಕೊಡುತ್ತದೆ. ಆದರೆ ಮೆಕ್ಕೆಜೋಳಕ್ಕೋ ಗೋಧಿಗೋ ಹೊಂದಿಸಿದ ಮಾಪಕಕ್ಕೆ ಮೆಣಸಿನಕಾಯಿ ಹಾಕಿದರೆ ಅಂಕಿ ತಪ್ಪು ಬರುತ್ತದೆ. ಸಂಬಾರ ಪದಾರ್ಥಗಳ ತೇವಾಂಶವನ್ನು ಪ್ರಯೋಗಾಲಯದಲ್ಲಿ ಟಾಲುಯೀನ್ ಎಂಬ ದ್ರಾವಕದ ಜೊತೆ ಕಾಯಿಸಿ ಬಟ್ಟಿ ಇಳಿಸುವ ವಿಧಾನದಿಂದ ಅಳೆಯುತ್ತಾರೆ. ಸುಗ್ಗಿ ಶುರುವಾಗುವ ಮೊದಲು ಅದರ ಎದುರು ಮಾಪಕವನ್ನು ಸರಿಹೊಂದಿಸಬೇಕು, ಕಡ್ಡಿ ತಳಿಗೆ ಬೇರೆ, ಡಬ್ಬಿ ತಳಿಗೆ ಬೇರೆ, ಗುಂಟೂರು ತಳಿಗೆ ಬೇರೆ. ಹೀಗೆ ಮಾಡದೆ ಇಟ್ಟ ಮಾಪಕದ ಅಂಕಿಯನ್ನು ಒಂದೆರಡು ವಾರದಲ್ಲಿ ಯಾರೂ ನಂಬುವುದಿಲ್ಲ. ಆಮೇಲೆ ಯಂತ್ರ ಕಪಾಟು ಸೇರುತ್ತದೆ.

ಬಣ್ಣದ ಕಥೆ ಇನ್ನೂ ಸೂಕ್ಷ್ಮ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಕಾಯಿಯ ಸಾರವಾದ ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಗಳು ಕೊಳ್ಳುವುದು ಕಾಯಿಯನ್ನಲ್ಲ, ಅದರೊಳಗಿನ ಕೆಂಪನ್ನು. ಆ ಕೆಂಪನ್ನು ಅಳೆಯುವ ಮಾನ ಆಸ್ಟಾ. ವಿಧಾನ ಸರಳ: ಪುಡಿ ಮಾಡಿದ ಮಾದರಿಯನ್ನು ಅಸಿಟೋನಿನಲ್ಲಿ ನೆನೆಸಿ ಕತ್ತಲಲ್ಲಿ 16 ಗಂಟೆ ಇಟ್ಟು, 460 ನ್ಯಾನೋಮೀಟರ್ ಬೆಳಕಿನಲ್ಲಿ ಓದುವುದು. ತೊಡಕು ಇರುವುದು ಆ 16 ಗಂಟೆಯಲ್ಲಿ. ಬೆಳಿಗ್ಗೆ ಇಳಿದ ಚೀಲಕ್ಕೆ ಮಧ್ಯಾಹ್ನ ಟೆಂಡರ್ ಮುಗಿಯುವ ಮಾರುಕಟ್ಟೆಯಲ್ಲಿ ಈ ಪರೀಕ್ಷೆ ಮಾಡಲು ಬರುವುದೇ ಇಲ್ಲ. ಹೀಗಾಗಿ ಪ್ರಯೋಗಾಲಯ ಕಟ್ಟಿಸಿ ರಿಬ್ಬನ್ ಕತ್ತರಿಸಿದರೂ ಟೆಂಡರಿನ ಪರದೆಯ ಮೇಲೆ ಬಣ್ಣದ ಅಂಕಿ ಕಾಣುವುದಿಲ್ಲ. ದಾರಿ ಎರಡು. ಒಂದು, ಹಿಂದಿನ ದಿನ ಬೆಳಿಗ್ಗೆಯಿಂದಲೇ ಮಾಲು ಇಳಿಸಿಕೊಂಡು ಸಂಜೆ ನಾಲ್ಕರೊಳಗೆ ಮಾದರಿ ನೆನೆಹಾಕಿದರೆ ಮರುದಿನ ಬೆಳಿಗ್ಗೆ ಎಂಟಕ್ಕೆ ಓದಬಹುದು. ಬೇಕೆಂದ ರೈತರಿಗೆ, ದೊಡ್ಡ ಲಾಟುಗಳಿಗೆ ಮಾತ್ರ ಇದನ್ನು ಕೊಟ್ಟರೂ ಸಾಕು. ಇನ್ನೊಂದು, ಅವಕೆಂಪು ಕಿರಣದ ಯಂತ್ರದಿಂದ ಕೆಲವೇ ನಿಮಿಷದಲ್ಲಿ ಅಂದಾಜು ಅಂಕಿ ಪಡೆಯುವುದು. ಇದು ಬೇಗ, ಆದರೆ ನೂರಾರು ಮಾದರಿಗಳ ಆಸ್ಟಾ ಅಂಕಿಯ ಜೊತೆ ಮೊದಲೇ ಹೊಂದಿಸಿರಬೇಕು.

ಯಾವ ಪರೀಕ್ಷೆಯಾದರೂ ಮಾದರಿ ತೆಗೆಯುವಲ್ಲೇ ಹಾಳಾಗುವುದು ಹೆಚ್ಚು. ಚೀಲದ ಬಾಯಿಯಿಂದ ಒಂದು ಹಿಡಿ ತೆಗೆದರೆ ಅದು ಬಾಯಿಯ ಮಾದರಿ, ಚೀಲದ ಮಾದರಿಯಲ್ಲ. ಹತ್ತು ಚೀಲಕ್ಕೆ ಒಂದರಂತೆ ಆರಿಸಿ, ಮೇಲೆ, ನಡುವೆ, ತಳದಲ್ಲಿ ತೆಗೆದು, ತಾಡಪಾಲಿನ ಮೇಲೆ ಸುರಿದು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದೆರಡನ್ನು ಮತ್ತೆ ಕಲಸಬೇಕು. ಅರ್ಧ ಕಿಲೋಗೆ ಬರುವ ತನಕ ಹೀಗೇ. ಒಬ್ಬ ನೌಕರ ಕೂಲಿಯಾಳಿನ ನೆರವಿನಿಂದ ಮಾಡುವ ಕೆಲಸ ಇದು. ಈ ಕೆಲಸಕ್ಕೆ ಹುದ್ದೆ ಮಂಜೂರು ಮಾಡದೆ ಯಂತ್ರಕ್ಕೆ ಮಾತ್ರ ಅನುದಾನ ಕೊಡುವುದು ನಮ್ಮಲ್ಲಿ ರೂಢಿ.

ಇನ್ನು ಟೆಂಡರ್. ಗೇಟಿನಲ್ಲಿ ರೈತನ ಹೆಸರು, ಊರು, ಮೊಬೈಲ್ ಸಂಖ್ಯೆ, ಚೀಲಗಳ ಲೆಕ್ಕ ದಾಖಲಾಗಿ ಲಾಟ್ ಸಂಖ್ಯೆ ಬೀಳುತ್ತದೆ. ಅಂಗಡಿಯ ಮುಂದೆ ಚೀಲ ಬಿಚ್ಚಿಡುತ್ತಾರೆ. ಖರೀದಿದಾರರು ಸುತ್ತಾಡಿ ನೋಡಿ, ಹೊತ್ತು ಮುಗಿಯುವುದರೊಳಗೆ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಲಾಟಿಗೆ ದರ ಬರೆಯುತ್ತಾರೆ. ಹೊತ್ತು ಮುಗಿದ ಮೇಲೆ ಹೆಚ್ಚು ಬರೆದವನ ಹೆಸರು ತೆರೆದುಕೊಳ್ಳುತ್ತದೆ. ರೈತ ಒಪ್ಪಿದರೆ ತೂಕ, ಒಪ್ಪದಿದ್ದರೆ ಮುಂದಿನ ಟೆಂಡರ್ ತನಕ ಕಾಯುವುದು. ಕಾಗದದ ಮೇಲೆ ಸೊಗಸಾಗಿದೆ.

ಸುಗ್ಗಿಯಲ್ಲಿ ಬ್ಯಾಡಗಿಗೆ ಒಂದೇ ದಿನ ಬರುವ ಚೀಲಗಳನ್ನು ಲಕ್ಷದಲ್ಲಿ ಎಣಿಸಬೇಕು. ಒಬ್ಬ ಖರೀದಿದಾರ ಒಂದು ಲಾಟಿಗೆ ಬರೀ ಅರ್ಧ ನಿಮಿಷ ಕೊಟ್ಟು, ಬಿಡುವಿಲ್ಲದೆ ಐದು ತಾಸು ನಡೆದರೂ ಅವನು ನೋಡಬಲ್ಲದ್ದು 600 ಲಾಟು. ಉಳಿದ ಲಾಟುಗಳನ್ನು ಅವನು ನೋಡುವುದಿಲ್ಲ, ನೋಡದ್ದಕ್ಕೆ ಬರೆಯುವುದಿಲ್ಲ, ಬರೆದರೂ ಹೆದರಿ ಕಡಿಮೆ ಬರೆಯುತ್ತಾನೆ. ಆವಕ ದುಪ್ಪಟ್ಟಾದ ದಿನ ಒಂದೊಂದು ಲಾಟಿಗೆ ಬೀಳುವ ಬೆಲೆಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಮೂಲೆಯ ಅಂಗಡಿಗಳಿಗೆ ಒಂದೇ ಬೆಲೆ ಬೀಳುವುದೂ ಉಂಟು. ಬೇಡಿಕೆ ಒಂದಿಷ್ಟೂ ಬದಲಾಗದೆ ಇದ್ದರೂ ದರ ಬೀಳಲು ಇಷ್ಟೇ ಸಾಕು. ಇದಕ್ಕೆ ಮದ್ದು ಪರದೆಯಲ್ಲೇ ಇದೆ. ರೈತರು ಮೊಬೈಲಿನಿಂದ ಮುಂಗಡ ಟೋಕನ್ ಪಡೆದು ಬರುವಂತೆ ಮಾಡಿ, ದಿನಕ್ಕೆ ಇಷ್ಟೇ ಚೀಲ ಎಂದು ಮಿತಿ ಹಾಕುವುದು. ತೇವಾಂಶ ಮತ್ತು ಬಣ್ಣದ ಅಂಕಿ ಪರದೆ ಮೇಲಿದ್ದರೆ ಖರೀದಿದಾರ ಕುಳಿತಲ್ಲೇ ಆರಿಸಿಕೊಂಡು ಬೇಕಾದ 200 ಲಾಟು ಮಾತ್ರ ನೋಡಲು ಬರುತ್ತಾನೆ.

ಕೈತಪ್ಪು ಇನ್ನೊಂದು ತಲೆನೋವು. 18,000 ಬರೆಯಬೇಕಾದಲ್ಲಿ ಒಂದು ಸೊನ್ನೆ ಹೆಚ್ಚಾಗಿ 1,80,000 ಆಗುತ್ತದೆ, ಇಲ್ಲವೇ 418ರ ಬದಲು 481ನೇ ಲಾಟಿಗೆ ದರ ಬೀಳುತ್ತದೆ. ಟೆಂಡರ್ ತೆರೆದ ಮೇಲೆ ಖರೀದಿದಾರ ತಪ್ಪಾಯಿತು ಎನ್ನುತ್ತಾನೆ, ರೈತ ಬಿಡುವುದಿಲ್ಲ, ಅಂಗಡಿಯ ಮುಂದೆ ಗಲಾಟೆ. ಹಿಂದಿನ ಮಾರುಕಟ್ಟೆ ದಿನದ ಗರಿಷ್ಠ ದರದ ಒಂದೂವರೆ ಪಟ್ಟು ಮೀರಿದರೆ ‘ಖಚಿತವೇ?’ ಎಂದು ಮತ್ತೊಮ್ಮೆ ಕೇಳುವ ಒಂದು ಸಾಲಿನ ತಪಾಸಣೆ ತಂತ್ರಾಂಶದಲ್ಲಿ ಇರಬೇಕು. ಲಾಟ್ ಸಂಖ್ಯೆ ಕೈಯಲ್ಲಿ ಒತ್ತುವ ಬದಲು ಚೀಲಕ್ಕೆ ಅಂಟಿಸಿದ ಕ್ಯೂಆರ್ ಚೀಟಿಯನ್ನು ಮೊಬೈಲಿಗೆ ತೋರಿಸಿದರೆ ಅದಲುಬದಲಾಗುವುದಿಲ್ಲ. ಚಹಾ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಮಾಡುವುದನ್ನು ಎರಡು ಲಕ್ಷದ ಲಾಟಿಗೆ ಮಾಡಬಾರದೇಕೆ?

ಒಬ್ಬ ಬರೆದ ದರ ಇನ್ನೊಬ್ಬನಿಗೆ ಕಾಣದ ಈ ಮುಚ್ಚಿದ ಟೆಂಡರಿಗೆ ಹುಟ್ಟಿನಿಂದಲೇ ಇರುವ ದೋಷವೊಂದಿದೆ. 20,000 ಕೊಡಲು ಸಿದ್ಧನಿರುವವನು 20,000 ಬರೆಯುವುದಿಲ್ಲ. ಪಕ್ಕದವನು 18,500 ಬರೆದಾನು ಎಂದು ಊಹಿಸಿ 18,700 ಬರೆಯುತ್ತಾನೆ. ಪಕ್ಕದವನು 19,500ರ ತನಕ ಬರಲು ಸಿದ್ಧನಿದ್ದರೂ ಅದು ಹೊರಬೀಳುವುದೇ ಇಲ್ಲ. ಕರ್ನಾಟಕದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ 2019ರಲ್ಲಿ ಎರಡು ಸುತ್ತಿನ ಟೆಂಡರ್ ಮಾಡಿ ನೋಡಿದರು. ಮೊದಲ ಸುತ್ತು ಎಂದಿನಂತೆ. ಬಳಿಕ ಮುಂದಿರುವ ಖರೀದಿದಾರರಿಗೆ ಮಾತ್ರ ತಮ್ಮ ಬೆಲೆ ಏರಿಸಲು ಸ್ವಲ್ಪ ಹೊತ್ತು ಎರಡನೇ ಸುತ್ತು. ಮೇಲೆ ಹೇಳಿದ ಸಂಶೋಧಕರ ತಂಡವೇ ಲೆಕ್ಕ ಹಾಕಿದಂತೆ ದರ ಸರಾಸರಿ ಶೇ 4.7 ಏರಿತು, ಹತ್ತು ಸಾವಿರಕ್ಕೂ ಹೆಚ್ಚು ರೈತರಿಗೆ ಇದರ ಲಾಭ ಮುಟ್ಟಿತು. ಹೊಸ ಕಟ್ಟಡ ಬೇಕಾಗಲಿಲ್ಲ, ಹೊಸ ಕಾಯ್ದೆ ಬೇಕಾಗಲಿಲ್ಲ. ಇಂಥದ್ದು ನಮ್ಮ ಎಲ್ಲ ಮಾರುಕಟ್ಟೆಗಳಲ್ಲಿ ದಿನನಿತ್ಯದ ಪದ್ಧತಿ ಆಗಬೇಕಿತ್ತು.

ಪರದೆಯಲ್ಲಿ ಗಳಿಸಿದ್ದು ತೂಕದ ಕಾಟಾದಲ್ಲಿ ಕಳೆಯುವುದೂ ಇದೆ. ಕ್ವಿಂಟಲಿಗೆ ಎರಡು ಕಿಲೋ ಸೂಟು (ತೂಕದಲ್ಲಿ ಕಡಿತ) ಹಿಡಿದರೆ ಶೇ 2 ಹೋಯಿತು, ಅಂದರೆ ಏಕೀಕೃತ ವೇದಿಕೆ ತಂದುಕೊಟ್ಟ ಲಾಭದ ದೊಡ್ಡ ಪಾಲು ಅಲ್ಲಿಗೇ ಮುಗಿಯಿತು. ಮಾದರಿಗೆಂದು ಐವತ್ತು ಜನ ನೂರು ನೂರು ಗ್ರಾಂ ಎತ್ತಿದರೆ ಲಾಟಿನಿಂದ ಐದು ಕಿಲೋ ಕಾಯಿ ಮಾಯ. ಎಲೆಕ್ಟ್ರಾನಿಕ್ ಕಾಟಾದ ತೂಕ ನೇರವಾಗಿ ತಂತ್ರಾಂಶಕ್ಕೆ ಹೋಗಬೇಕು, ನಡುವೆ ಪೆನ್ನು ಬರಬಾರದು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಮುದ್ರೆ ಒತ್ತಿದ 20 ಕಿಲೋ ಬಟ್ಟನ್ನು ಎಲ್ಲರೆದುರು ಕಾಟಾದ ಮೇಲಿಟ್ಟು ತೋರಿಸಬೇಕು. ದಲಾಲಿ ಕಮಿಷನ್ ಖರೀದಿದಾರ ಕೊಡಬೇಕಾದದ್ದು, ರೈತ ಕೊಡಬೇಕಾದದ್ದಲ್ಲ ಎಂಬುದೂ ಅದೇ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ.

ಹಣ ಸಂದಾಯದ ವಿಷಯದಲ್ಲಿ ನೆಪಗಳು ಈಗ ಉಳಿದಿಲ್ಲ. ಖಾತೆಯಿಂದ ಖಾತೆಗೆ ಹಣ ಕಳಿಸುವ ಬ್ಯಾಂಕ್ ವ್ಯವಸ್ಥೆಗಳಾದ ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ಹಗಲು ರಾತ್ರಿ, ರಜೆಯ ದಿನವೂ ನಡೆಯುತ್ತವೆ. ಎರಡು ಲಕ್ಷ ಮೀರಿದ ಪಟ್ಟಿಗೆ ಆರ್‌ಟಿಜಿಎಸ್, ಅದಕ್ಕಿಂತ ಕಡಿಮೆಗೆ ನೆಫ್ಟ್. ‘ಬ್ಯಾಂಕ್ ಬಂದ್ ಇದೆ, ಎಂಟು ದಿನ ಬಿಟ್ಟು ಬಾ’ ಎನ್ನುವುದು ಸುಳ್ಳು. ಆದರೂ ಅಧಿಕೃತ ಪಟ್ಟಿಯ ಬದಲು ಬರೆದುಕೊಡುವ ಬಿಳಿ ಚೀಟಿ ಸಾಯುತ್ತಿಲ್ಲ. ಮುಂಗಡದ ಸಾಲ, ಅದರ ಬಡ್ಡಿ, ಅಂಗಡಿಯಲ್ಲಿ ಒಯ್ದ ಗೊಬ್ಬರದ ಬಾಕಿ ಎಲ್ಲ ಮುರಿದುಕೊಂಡು ಉಳಿದದ್ದನ್ನು ಕೊಡುವ ಲೆಕ್ಕ ಅದರಲ್ಲಿದೆ. ಎಲ್ಲಿಯ ತನಕ ರೈತನಿಗೆ ಬಿತ್ತನೆ ಹೊತ್ತಿಗೆ ಬೇರೆ ಕಡೆ ಸಾಲ ಹುಟ್ಟುವುದಿಲ್ಲವೋ ಅಲ್ಲಿಯ ತನಕ ಅವನೇ ಬಿಳಿ ಚೀಟಿ ಕೇಳುತ್ತಾನೆ. ಗೇಣಿಗೆ ಮಾಡುವವರ ಕಷ್ಟ ಬೇರೆ: ಫ್ರೂಟ್ಸ್ ಎಂಬ ಸರ್ಕಾರಿ ರೈತ ನೋಂದಣಿಯ ದಾಖಲೆ ಭೂಮಿಯ ಒಡೆಯನ ಹೆಸರಲ್ಲಿ, ಬೆಳೆದವನು ಇನ್ನೊಬ್ಬ. ಖಾತೆ ಕಡ್ಡಾಯ ಎಂದಾಗ ಹಣ ಒಡೆಯನ ಖಾತೆಗೆ ಹೋಗಿ ಕೂರುತ್ತದೆ.

ದಾಖಲೆಯ ಭಯ ಸಣ್ಣವರಿಗೆ ಹೇಗೆ ಹತ್ತುತ್ತದೆ ಎಂಬುದನ್ನು 2025ರ ಜುಲೈನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನೋಡಿದೆವು. ಯುಪಿಐ ವಹಿವಾಟು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿದ್ದೇ ತಡ, ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿದವು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು, ತಾಜಾ ತರಕಾರಿ, ಬಿಡಿ ಹಾಲಿಗೆ ತೆರಿಗೆಯೇ ಇಲ್ಲ ಎಂಬ ಎರಡು ಸಾಲನ್ನು ಕ್ಯೂಆರ್ ಫಲಕ ಹಂಚುವ ದಿನವೇ ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ಅರ್ಧ ಗಾಬರಿ ತಪ್ಪುತ್ತಿತ್ತು.

ಈಗ ಸಣ್ಣ ಊರುಗಳ ಮಾತು. ದರ ಮೊಬೈಲಿನಲ್ಲಿ ಕಂಡರೆ ರೈತ ಎಲ್ಲಿ ಬೇಕಾದರೂ ಮಾರಬಹುದು ಎನ್ನುತ್ತಾರೆ. ದೊಡ್ಡ ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ 500 ರೂಪಾಯಿ ಹೆಚ್ಚಿದೆ ಎಂದುಕೊಳ್ಳೋಣ. ಆರು ಕ್ವಿಂಟಲ್ ಇರುವವನು 3,000 ರೂಪಾಯಿಗೆ ಗೂಡ್ಸ್ ಗಾಡಿ ಹಿಡಿದರೆ ಆ 500 ಬಾಡಿಗೆಗೇ ಹೋಯಿತು. ಹಮಾಲಿ, ಊಟ, ಒಂದು ದಿನದ ಕೂಲಿ ಕೈಯಿಂದ. ನಲವತ್ತು ಕ್ವಿಂಟಲ್ ಇರುವವನು 8,000ಕ್ಕೆ ಲಾರಿ ಹಿಡಿದರೆ ಕ್ವಿಂಟಲಿಗೆ ಬೀಳುವುದು 200, ಉಳಿಯುವುದು 300. ಒಂದೇ ಅಂಕಿ, ಒಂದೇ ಮೊಬೈಲು, ಆದರೆ ಅದರ ಬೆಲೆ ಇಬ್ಬರಿಗೆ ಬೇರೆ ಬೇರೆ. ಹೀಗೆ ದೊಡ್ಡ ಹಿಡುವಳಿಯ ಮಾಲು ದೊಡ್ಡ ಮಾರುಕಟ್ಟೆಗೆ ಹರಿಯಿತು, ತಾಲ್ಲೂಕು ಮಾರುಕಟ್ಟೆಯಲ್ಲಿ ಸಣ್ಣ ಲಾಟುಗಳು ಉಳಿದವು. ಸಣ್ಣ ಲಾಟಿಗಾಗಿ ಹೊರ ಊರಿನ ಖರೀದಿದಾರ ಬರುವುದಿಲ್ಲ. ಮೂರು ಜನ ಸ್ಥಳೀಯರು ಬರೆಯುವ ಟೆಂಡರ್ ‘ಇ’ ಆದರೇನು, ಚೀಟಿಯಾದರೇನು?

2020ರ ಕಾಯ್ದೆ ತಿದ್ದುಪಡಿಯಿಂದ ಪ್ರಾಂಗಣದ ಹೊರಗಿನ ವ್ಯಾಪಾರಕ್ಕೆ ಬಾಗಿಲು ತೆರೆಯಿತು. ನೂರಕ್ಕೆ ಒಂದೂವರೆ ರೂಪಾಯಿ ಇದ್ದ ಮಾರುಕಟ್ಟೆ ಶುಲ್ಕವೂ ಆಮೇಲೆ 60 ಪೈಸೆಗೆ ಇಳಿಯಿತು. ದೊಡ್ಡ ಎಪಿಎಂಸಿಗಳು ತಡೆದುಕೊಂಡವು. ಸಣ್ಣವಕ್ಕೆ ಒಂದು ಕೋಟಿ ವಹಿವಾಟಾದರೂ ಬರುವುದು 60,000 ರೂಪಾಯಿ. ದೀಪ, ನೀರು, ಕಸ, ಕಾವಲು ಎಲ್ಲ ಅದರಲ್ಲೇ ಆಗಬೇಕು. ಪ್ರಾಂಗಣ ಸೊರಗಿದರೆ ಹಮಾಲರು, ತೂಕದವರು, ಚೀಲ ಹೊಲಿಯುವ ಹೆಂಗಸರು, ಎತ್ತಿನ ಗಾಡಿಯವರು, ಖಾನಾವಳಿಯವರು ಎಲ್ಲರ ಸಂತೆ ಮುಗಿದಂತೆ. ಬೆಂಗಳೂರಿನಲ್ಲಿ ಕುಳಿತು ಆನ್‌ಲೈನ್ ವಹಿವಾಟಿನ ಒಟ್ಟು ಮೊತ್ತ ನೋಡುವವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಒಟ್ಟು ಮೊತ್ತ ಏರುತ್ತಲೇ ಇರುತ್ತದೆ.

ಸಣ್ಣ ಮಾರುಕಟ್ಟೆಗೆ ಬೇಕಿರುವುದು ಇನ್ನೊಂದು ಆ್ಯಪ್ ಅಲ್ಲ. ಒಂದು ಮಾಪಕ, ಮಾದರಿ ತೆಗೆಯಬಲ್ಲ ಒಬ್ಬ ನೌಕರ, ಗುಣಮಟ್ಟ ಒಂದೇ ಇರುವ ಹತ್ತು ಹದಿನೈದು ರೈತರ ಮಾಲು ಸೇರಿಸಿ ಒಂದೇ ಲಾಟು ಮಾಡುವ ಅವಕಾಶ. ಶೇ 11 ತೇವಾಂಶದ, ಬಣ್ಣದ ಅಂಕಿ ಗೊತ್ತಿರುವ ನೂರು ಚೀಲದ ಲಾಟು ಪರದೆ ಮೇಲೆ ಕಂಡರೆ ಕೊಚ್ಚಿಯ ಖರೀದಿದಾರ ನೋಡದೆಯೂ ಬರೆಯುತ್ತಾನೆ. ರೈತ ಉತ್ಪಾದಕ ಸಂಸ್ಥೆಗಳು ಈ ಕೆಲಸಕ್ಕೆ ತಕ್ಕವು. ಆದರೆ ಸೇರಿಸಿದ ಲಾಟಿನ ಹಣವನ್ನು ರೈತರ ಖಾತೆಗಳಿಗೆ ತೂಕದ ಪ್ರಕಾರ ಹಂಚಿ ಕಳಿಸುವ ಸೌಲಭ್ಯ ತಂತ್ರಾಂಶದಲ್ಲೇ ಇರಬೇಕು. ಇಲ್ಲದಿದ್ದರೆ ಸಂಸ್ಥೆಯ ಖಾತೆಗೆ ಬಂದ ಹಣದ ಲೆಕ್ಕವೇ ಜಗಳಕ್ಕೆ ಕಾರಣವಾಗುತ್ತದೆ.

ಇಷ್ಟೆಲ್ಲ ಸರ್ಕಾರ ಮಾಡಬೇಕಾದದ್ದು. ಪತ್ರಿಕೆ ನಾಳೆಯಿಂದಲೇ ಮಾಡಬಹುದಾದ ಕೆಲಸ ಒಂದಿದೆ. ಇಲಾಖೆಯ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನವೂ ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ ಸಿಗುತ್ತವೆ. ಮಾದರಿ ದರ ಎಂದರೆ ಅಂದು ಹೆಚ್ಚಿನ ಮಾಲು ಮಾರಾಟವಾದ ದರ. ನಿಮ್ಮ ಧಾರಣೆ ಕಾಲಂನಲ್ಲಿ ಅದೇ ದಪ್ಪ ಅಕ್ಷರದಲ್ಲಿರಲಿ, ಗರಿಷ್ಠ ದರ ಸಣ್ಣ ಅಕ್ಷರದಲ್ಲಿ ಪಕ್ಕದಲ್ಲಿರಲಿ. ಅದರ ಮುಂದೆ ಕಂಸದಲ್ಲಿ, ಆ ಗರಿಷ್ಠ ದರ ಎಷ್ಟು ಚೀಲಕ್ಕೆ ಸಿಕ್ಕಿತು ಎಂದು ವರದಿಗಾರರು ಎಪಿಎಂಸಿ ಕಚೇರಿಯಲ್ಲಿ ಕೇಳಿ ಬರೆಯಲಿ. ಕಡ್ಡಿ, ಡಬ್ಬಿ, ಗುಂಟೂರು ತಳಿಗಳಿಗೆ ಬೇರೆ ಬೇರೆ ಸಾಲು ಬೇಕು. ಹಿಂದಿನ ಮಾರುಕಟ್ಟೆ ದಿನದ ಆವಕವನ್ನೂ ಜೊತೆಗೆ ಕೊಟ್ಟರೆ ಲಾರಿಗೆ ಹೇಳುವ ಮುನ್ನ ರೈತ ಇನ್ನೊಮ್ಮೆ ಕಣದ ಕಡೆ ನೋಡುತ್ತಾನೆ. ಜಾಗ ಸಾಲದಿದ್ದರೆ ಚಿನ್ನ-ಬೆಳ್ಳಿಯ ಚಿತ್ರವನ್ನು ಒಂದು ಅಂಗುಲ ಚಿಕ್ಕದು ಮಾಡಿ.

ಇಂತಿ,
ಮಾರುಕಟ್ಟೆ ವ್ಯವಹಾರದಲ್ಲಿರುವ ಕೆಲವು ಓದುಗರು
ಹಾವೇರಿ ಜಿಲ್ಲೆ